ಸಹಾಯ ಬೇಕು: ಪೈಥಾನ್‌ನಲ್ಲಿ ಲಿಸ್ಟ್ ಬದಲಾದರೂ ಅಬ್ಸರ್ವರ್‌ಗೆ ಗೊತ್ತಾಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಅಪ್ಪನ ಕಿರಾಣಿ ಅಂಗಡಿಗೆ ಪೈಥಾನ್‌ನಲ್ಲಿ ಸ್ಟಾಕ್ ಲೆಕ್ಕದ ಪ್ರೋಗ್ರಾಂ ಬರೆಯುತ್ತಿದ್ದೇನೆ. ಸಕ್ಕರೆ 5 ಕೆಜಿಗಿಂತ ಕಡಿಮೆಯಾದರೆ ಸ್ಕ್ರೀನ್ ಮೇಲೆ ಕೆಂಪು ಬರಬೇಕು, ಬಿಲ್ ಮೊತ್ತವೂ ತಾನಾಗಿ ಬದಲಾಗಬೇಕು. ಅದಕ್ಕೆ ಅಬ್ಸರ್ವರ್ ಪ್ಯಾಟರ್ನ್ (ಒಂದು ವ್ಯಾಲ್ಯೂ ಬದಲಾದಾಗ ಅದನ್ನು ಗಮನಿಸುತ್ತಿರುವ ಫಂಕ್ಷನ್‌ಗಳಿಗೆ ತಾನಾಗಿ ತಿಳಿಸುವ ವಿಧಾನ) ಹಾಕಿದ್ದೇನೆ.

ಪ್ರಾಪರ್ಟಿಯ ಸೆಟರ್ (ಹೊಸ ವ್ಯಾಲ್ಯೂ ಅಸೈನ್ ಮಾಡಿದಾಗ, ಅಂದರೆ ಕೊಟ್ಟಾಗ, ತಾನಾಗಿ ಓಡುವ ಫಂಕ್ಷನ್) ಒಳಗೆ ಹಳೆ ವ್ಯಾಲ್ಯೂ, ಹೊಸ ವ್ಯಾಲ್ಯೂ ಹೋಲಿಸುತ್ತೇನೆ. ಬೇರೆಯಾಗಿದ್ದರೆ ಮಾತ್ರ ಸೇರಿಸಿಟ್ಟ ಫಂಕ್ಷನ್‌ಗಳನ್ನು ಒಂದೊಂದಾಗಿ ಕಾಲ್ ಮಾಡುತ್ತೇನೆ. ತೂಕ 12ರಿಂದ 4ಕ್ಕೆ ಇಳಿಸಿದರೆ ತಕ್ಷಣ ಕೆಂಪು ಬರುತ್ತದೆ.

ತೊಂದರೆ ಇರುವುದು ಬಿಲ್‌ನಲ್ಲಿ. ಅದು ಲಿಸ್ಟ್. ಅಪೆಂಡ್ ಮಾಡಿದರೆ, ಅಂದರೆ ಕೊನೆಗೆ ಒಂದು ಐಟಂ ಸೇರಿಸಿದರೆ, ಸೆಟರ್ ಓಡುವುದೇ ಇಲ್ಲ. ವೇರಿಯಬಲ್‌ಗೆ ಹೊಸದೇನೂ ಅಸೈನ್ ಆಗಿಲ್ಲ, ಅದೇ ಲಿಸ್ಟ್ ಒಳಗೊಳಗೇ ಬದಲಾಗಿದೆ, ಅಲ್ವಾ? ನಿನ್ನೆ ತೊಗರಿಬೇಳೆ ಸೇರಿಸಿದರೂ ಮೊತ್ತ 340ರಲ್ಲೇ ನಿಂತಿತ್ತು. ಅಪ್ಪ ಅಷ್ಟೇ ದುಡ್ಡು ತಗೊಂಡರು. ನನಗೆ ತುಂಬಾ ಬೇಜಾರಾಯಿತು.

ಪ್ರತಿ ಸಲ ಹೊಸ ಲಿಸ್ಟ್ ಮಾಡಿ ಅಸೈನ್ ಮಾಡಿದರೆ ಕೆಲಸ ಆಗುತ್ತದೆ. ಆದರೆ ಎಲ್ಲೋ ಒಂದು ಕಡೆ ಮರೆತು ಅಪೆಂಡ್ ಬರೆದರೆ ಮತ್ತೆ ಅದೇ ಕಥೆ. ಲಿಸ್ಟ್ ಕ್ಲಾಸನ್ನೇ ಇನ್‌ಹೆರಿಟ್ ಮಾಡಿ (ಅದರ ಮೇಲೆ ನನ್ನದೇ ಕ್ಲಾಸ್ ಕಟ್ಟಿ) ಅಪೆಂಡ್, ಪಾಪ್, ರಿಮೂವ್ ಎಲ್ಲವನ್ನೂ ತಿರುಗಿ ಬರೆಯಬೇಕಾ? ಅಥವಾ ಲಿಸ್ಟನ್ನು ಒಳಗೇ ಇಟ್ಟು, ಸೇರಿಸಲು ಒಂದು, ತೆಗೆಯಲು ಒಂದು ಮೆಥಡ್ ಮಾತ್ರ ಹೊರಗೆ ಕೊಡಲಾ? ನನಗೆ ಎರಡನೆಯದೇ ಸರಿ ಅನಿಸುತ್ತಿದೆ. ಮಾಡಿ ನೋಡಿದವರು ದಯವಿಟ್ಟು ಹೇಳಿ, ಕೋಡ್ ಬೇಕಿದ್ದರೆ ಹಾಕುತ್ತೇನೆ.