ಅಪ್‌ಡೇಟ್: ಕ್ವೆರಿಯಲ್ಲಿನ ಕೋಲನ್ (:) ತೊಂದರೆ ಬಗೆಹರಿಯಿತು

ನನ್ನ ಒಂದು ಫಂಕ್ಷನ್ ಯಾಕೆ ಕೈಕೊಡುತ್ತಿದೆ ಅಂತ ಹೋದ ವಾರ ಕೇಳಿದ್ದೆ. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಅಂಗಡಿಯೊಂದಕ್ಕೆ ನಾನು ಲೆಕ್ಕದ ಸಾಫ್ಟ್‌ವೇರ್ ಬರೆದಿದ್ದೇನೆ. ಅದರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಕಳಿಸುವ ಕ್ವೆರಿಯ (ಮಾಹಿತಿ ಕೇಳುವ ಆದೇಶದ) :ರೈತ, :ದರ ಥರದ ಹೆಸರುಗಳನ್ನು ಪೋಸ್ಟ್‌ಗ್ರೆಸ್‌ಗೆ ಅರ್ಥವಾಗುವ $1, $2 ಮಾಡುವ ಫಂಕ್ಷನ್ ಆಗಾಗ ಕೈಕೊಡುತ್ತಿತ್ತು.

ಕಾರಣ ಸಿಕ್ಕಿತು. ನನ್ನ ರೆಗೆಕ್ಸ್ (ಪಠ್ಯದಲ್ಲಿ ಒಂದು ಮಾದರಿ ಹುಡುಕುವ ಸೂತ್ರ) ಕೋಲನ್ ಕಂಡಲ್ಲೆಲ್ಲ ಹಿಡಿಯುತ್ತಿತ್ತು. 'ಹರಾಜು 10:30' ಅಂತ ಕೋಟ್ ಒಳಗೆ ಬರೆದರೆ :30 ಕೂಡ ಪ್ಯಾರಾಮೀಟರ್ (ಆಮೇಲೆ ಮೌಲ್ಯ ತುಂಬುವ ಜಾಗ) ಆಗುತ್ತಿತ್ತು! ಮೌಲ್ಯದ ಟೈಪ್ (ಅಂಕಿ, ಪಠ್ಯ ಇತ್ಯಾದಿ) ಬದಲಿಸುವ ಜೋಡಿ ಕೋಲನ್ (::) ಕಥೆಯೂ ಅದೇ.

ರೆಗೆಕ್ಸ್ ತೆಗೆದುಹಾಕಿದೆ. ಈಗ ಒಂದೊಂದೇ ಅಕ್ಷರ ಓದುತ್ತೇನೆ. ಸಿಂಗಲ್ ಕೋಟ್ ಬಂದರೆ, ಅದು ಮುಚ್ಚುವವರೆಗೆ ಏನನ್ನೂ ಮುಟ್ಟುವುದಿಲ್ಲ. ಒಳಗೆ ಎರಡು ಕೋಟ್ ಒಟ್ಟಿಗೆ ('') ಬಂದರೆ ಅದು ಮುಚ್ಚಿದ್ದಲ್ಲ, ಕೋಟ್ ಅಕ್ಷರವೇ. ಇಲ್ಲಿ ನಾನು ಎರಡು ರಾತ್ರಿ ಕಳೆದೆ. ಡಬಲ್ ಕೋಟ್, ಕಾಮೆಂಟ್‌ಗಳಿಗೂ ಹೀಗೇ. :: ಕಂಡರೆ ಎರಡನ್ನೂ ದಾಟಿ ಮುಂದೆ ಹೋಗುತ್ತೇನೆ. ಒಂದೇ ಹೆಸರು ಎರಡು ಸಲ ಬಂದರೆ ಅದೇ ನಂಬರ್ ಕೊಡುತ್ತೇನೆ.

"ಮೌಲ್ಯಗಳನ್ನು ಸುಮ್ನೆ ಕ್ವೆರಿಗೇ ಅಂಟಿಸಿಬಿಡು" ಅಂದವರಿಗೆ ಒಂದು ಮಾತು: ಅದು ಬೇಡ. ಇಂಜೆಕ್ಷನ್‌ಗೆ (ಮೌಲ್ಯದ ಜಾಗದಲ್ಲಿ ಯಾರೋ ತಮ್ಮ ಆದೇಶ ತೂರಿಸುವುದಕ್ಕೆ) ಬಾಗಿಲು ತೆಗೆದಂತೆ, ಅಲ್ವಾ? ರೈತರ ದುಡ್ಡಿನ ಲೆಕ್ಕ ಇದು.

ಪೋಸ್ಟ್‌ಗ್ರೆಸ್‌ನಲ್ಲಿ ಪಠ್ಯ ಸುತ್ತುವ ಇನ್ನೊಂದು ಬಗೆಯಾದ ಡಾಲರ್ ಕೋಟ್ ($$) ಇನ್ನೂ ಸೇರಿಸಿಲ್ಲ. ಈ ಭಾನುವಾರ ಕೂರುತ್ತೇನೆ.