ಎಲಾಸ್ಟಿಕ್ ಕಂಪನಿ ಲೈಸೆನ್ಸ್ ಬದಲಿಸಿದಾಗ ನಿಜ ಹೇಳಿತ್ತಾ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಸರ್ಚ್‌ಗೆ ಎಲಾಸ್ಟಿಕ್ ಕಂಪನಿಯ ಎಲಾಸ್ಟಿಕ್‌ಸರ್ಚ್ ಉಳಿಸಿಕೊಳ್ಳುವುದಾ, ಅದರ ಕೋಡ್‌ನಿಂದಲೇ ಅಮೆಜಾನ್ ಕವಲೊಡೆಸಿದ ಓಪನ್‌ಸರ್ಚ್‌ಗೆ ಹೋಗುವುದಾ ಅಂತ ನಮ್ಮ ಟೀಮ್‌ನಲ್ಲಿ ಒಂದು ವಾರದಿಂದ ಜಗ್ಗಾಟ. ಟೆಕ್ನಿಕಲ್ ವಿಷಯ ಹೇಗೋ ಬಗೆಹರಿಯುತ್ತದೆ ಬಿಡಿ. ನನ್ನನ್ನು ಕೊರೆಯುತ್ತಿರುವುದು 2021ರ ಕಥೆ. ಆ ಜನವರಿಯಲ್ಲಿ ಎಲಾಸ್ಟಿಕ್‌ನವರು ಎಲಾಸ್ಟಿಕ್‌ಸರ್ಚ್ ಮತ್ತು ಅದರ ಡೇಟಾವನ್ನು ಚಾರ್ಟ್ ಮಾಡಿ ತೋರಿಸುವ ಕಿಬಾನಾವನ್ನು, ಯಾರು ಬೇಕಾದರೂ ಬಳಸಿ ಮಾರಬಹುದಾದ ಅಪಾಚೆ 2.0 ಲೈಸೆನ್ಸ್‌ನಿಂದ ಹೊರಗೆ ತಂದರು. 7.11 ವರ್ಶನ್‌ನಿಂದ ಎಸ್‌ಎಸ್‌ಪಿಎಲ್ (ಸಾಫ್ಟ್‌ವೇರನ್ನೇ ಸರ್ವಿಸ್ ಆಗಿ ಮಾರುವವರಿಗೆ ಬಿಗಿ ಷರತ್ತು ಹಾಕುವ ಲೈಸೆನ್ಸ್) ಅಥವಾ ಕಂಪನಿಯದೇ ಆದ ಎಲಾಸ್ಟಿಕ್ ಲೈಸೆನ್ಸ್, ಎರಡರಲ್ಲಿ ಒಂದು ಆರಿಸಿಕೊಳ್ಳಿ ಅಂದರು. ನಮ್ಮ ಸೀನಿಯರ್ ಒಬ್ಬರು "ಅವರು ಮಾತು ತಪ್ಪಿದವರು, ನಂಬಬೇಡ" ಅನ್ನುತ್ತಾರೆ. ಮ್ಯಾನೇಜರ್ "ಅಮೆಜಾನ್ ಹಾಗೆ ಮಾಡಿದ ಮೇಲೆ ಅವರು ಇನ್ನೇನು ಮಾಡಬೇಕಿತ್ತು?" ಅಂತ ಕೇಳುತ್ತಾರೆ. ಆಗ ನಾನಿನ್ನೂ ಕಾಲೇಜಿನಲ್ಲಿದ್ದೆ. ಬದಲಿಸಿದ್ದು ಸರಿಯಾ ತಪ್ಪಾ ಅಂತ ಕೇಳುತ್ತಿಲ್ಲ. ಬದಲಿಸುವಾಗ ನೆಟ್ಟಗೆ ಹೇಳಿದರಾ, ಅಷ್ಟು ತಿಳಿದರೆ ಸಾಕು.

ಲಾಗ್‌ಮನೆ:
ನನ್ನ ಪ್ರಕಾರ ಇಲ್ಲ. 2018ರಲ್ಲಿ ತನ್ನ ಕಮರ್ಷಿಯಲ್ ಆಡ್-ಆನ್ ಆದ ಎಕ್ಸ್-ಪ್ಯಾಕ್‌ನ ಕೋಡ್ ಎಲ್ಲರಿಗೂ ಕಾಣುವಂತೆ ತೆರೆದಾಗ ಕಂಪನಿಯೇ ಒಂದು ಮಾತು ಕೊಟ್ಟಿತ್ತು. ಎಲಾಸ್ಟಿಕ್‌ಸರ್ಚ್, ಕಿಬಾನಾ, ಡೇಟಾ ತುಂಬಿಸುವ ಟೂಲ್‌ಗಳಾದ ಬೀಟ್ಸ್, ಲಾಗ್‌ಸ್ಟ್ಯಾಶ್‌ನಲ್ಲಿ ಅಪಾಚೆ 2.0 ಅಡಿಯಲ್ಲಿರುವ ಕೋಡ್‌ನ ಲೈಸೆನ್ಸ್ ಬದಲಿಸಿಲ್ಲ, ಮುಂದೆಯೂ ಎಂದೆಂದಿಗೂ ಬದಲಿಸುವುದಿಲ್ಲ ಅಂತ. ಮೂರು ವರ್ಷ ತುಂಬುವ ಮೊದಲೇ ಎಲಾಸ್ಟಿಕ್‌ಸರ್ಚ್, ಕಿಬಾನಾ ಎರಡರದ್ದೂ ಬದಲಾಯಿತು.

ಅದಕ್ಕಿಂತ ಜಾಸ್ತಿ ನೋವಾಗಿದ್ದು ಅವರು ಅದನ್ನು ಹೇಳಿದ ರೀತಿ. ಆ ಪ್ರಕಟಣೆಯ ತಲೆಬರಹವೇ "ನಾವು ಇನ್ನಷ್ಟು ಓಪನ್ ಆಗುತ್ತಿದ್ದೇವೆ, ಭಾಗ 2" ಅನ್ನುವ ಧಾಟಿಯಲ್ಲಿತ್ತು. ಓಪನ್ ಸೋರ್ಸ್ ಅಲ್ಲದ ಲೈಸೆನ್ಸ್‌ಗೆ ಹೋಗುವ ದಿನವೇ ಈ ಮಾತು! ಎಸ್‌ಎಸ್‌ಪಿಎಲ್ ಬರೆದಿದ್ದು ಮೊಂಗೋಡಿಬಿ ಕಂಪನಿ, 2018ರಲ್ಲಿ. ಯಾವ ಲೈಸೆನ್ಸ್ ಓಪನ್ ಸೋರ್ಸ್ ಅಂತ ಮಾನ್ಯ ಮಾಡುವ ಸಂಸ್ಥೆಯಾದ ಓಪನ್ ಸೋರ್ಸ್ ಇನಿಶಿಯೇಟಿವ್ ಅದನ್ನು ಒಪ್ಪುವ ಲಕ್ಷಣ ಕಾಣದೆ ಅರ್ಜಿಯನ್ನು ಮೊಂಗೋಡಿಬಿಯವರೇ ಹಿಂದಕ್ಕೆ ಪಡೆದಿದ್ದರು. ಎಲಾಸ್ಟಿಕ್ ಘೋಷಣೆಯಾಗಿ ಒಂದು ವಾರದೊಳಗೆ ಅದೇ ಸಂಸ್ಥೆ, ಎಸ್‌ಎಸ್‌ಪಿಎಲ್ ಓಪನ್ ಸೋರ್ಸ್ ಲೈಸೆನ್ಸ್ ಅಲ್ಲ ಅಂತ ಬಿಡಿಸಿ ಹೇಳಬೇಕಾಯಿತು.

ಬಯಲುಸೀಮೆ:
ಲಾಗ್‌ಮನೆಯವರೇ, ಅರ್ಧ ಕಥೆ ಹೇಳಿದಿರಿ. ಅಮೆಜಾನ್ 2015ರಲ್ಲಿ ಅವರದೇ ಹೆಸರಿಟ್ಟು "ಅಮೆಜಾನ್ ಎಲಾಸ್ಟಿಕ್‌ಸರ್ಚ್ ಸರ್ವಿಸ್" ಅಂತ ಮಾರಲು ಶುರು ಮಾಡಿತು. ಇದು ಯಾರದ್ದು ಅಂತ ಗ್ರಾಹಕರಿಗೇ ಗೊಂದಲ ಅಂತ ಎಲಾಸ್ಟಿಕ್ 2019ರಲ್ಲಿ ಟ್ರೇಡ್‌ಮಾರ್ಕ್ ಕೇಸ್ ಹಾಕಿತು. ವರ್ಷಗಟ್ಟಲೆ ಬೆವರು ಸುರಿಸಿ ಕಟ್ಟಿದ್ದನ್ನು ದೊಡ್ಡವರು ಬಂದು ಅದೇ ಬೋರ್ಡ್ ಹಾಕಿಕೊಂಡು ಮಾರಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ, ಅಲ್ವಾ? ಕಾರಣವನ್ನು ಅವರು ಮುಚ್ಚಿಡಲಿಲ್ಲ. ಮೊದಲ ಪ್ರಕಟಣೆಯಾಗಿ ಐದೇ ದಿನಕ್ಕೆ ಎಲಾಸ್ಟಿಕ್ ಸ್ಥಾಪಕ ಶಾಯ್ ಬ್ಯಾನನ್ ಅಮೆಜಾನ್ ಹೆಸರು ಹಿಡಿದೇ ಬರೆದರು. ಇನ್ನು ನಮ್ಮಂಥವರಿಗೆ, ಅಂದರೆ ಸ್ವಂತ ಅಪ್ಲಿಕೇಶನ್‌ನಲ್ಲಿ ಸರ್ಚ್‌ಗೆ ಅಂತ ಬಳಸುವವರಿಗೆ ಏನೂ ತೊಂದರೆ ಇರಲಿಲ್ಲ. ಎಲಾಸ್ಟಿಕ್‌ಸರ್ಚ್ ಅನ್ನೇ ಸರ್ವಿಸ್ ಆಗಿ ಮಾರುವವರಿಗೆ ಮಾತ್ರ ಪೆಟ್ಟು.

ಲಾಗ್‌ಮನೆ:
ಬಯಲುಸೀಮೆಯವರೇ, ಹೆಸರಿನ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. 2021ರಲ್ಲಿ ಅಮೆಜಾನ್ ಆ ಸರ್ವಿಸ್‌ನ ಹೆಸರು ಬದಲಿಸಿತು, 2022ರಲ್ಲಿ ಕೇಸ್ ರಾಜಿಯಲ್ಲಿ ಮುಗಿಯಿತು. ಆದರೆ ಅದು ಹೆಸರಿನ ಜಗಳ. ಕೋಡ್ ಬಳಸಿ ಮಾರಲು ಅಪಾಚೆ ಲೈಸೆನ್ಸ್ ಮೊದಲಿಂದಲೇ ಅನುಮತಿ ಕೊಟ್ಟಿತ್ತು, ಕೊಟ್ಟವರು ಎಲಾಸ್ಟಿಕ್‌ನವರೇ. ಯಾಕೆ ಬದಲಿಸಿದೆವು ಅಂತ ಹೇಳಿದರು, ಸರಿ. "ಬದಲಿಸಲ್ಲ ಅಂತ ಮಾತು ಕೊಟ್ಟಿದ್ದೆವು, ಈಗ ಅದನ್ನು ಮುರಿಯುತ್ತಿದ್ದೇವೆ, ಕ್ಷಮಿಸಿ" ಅನ್ನುವ ಒಂದು ಸಾಲು ಬೇಕಿತ್ತು. ಆ ಜಾಗದಲ್ಲಿ "ಇನ್ನಷ್ಟು ಓಪನ್" ಅಂದರೆ ಹೇಗೆ? ಹೊರಗಿನ ಎಷ್ಟೋ ಜನ ಆ ಮಾತು ನಂಬಿ ರಾತ್ರಿ ಕೂತು ಪ್ಯಾಚ್ ಬರೆದಿದ್ದಾರೆ. ಆಮೇಲೆ 7.14ರ ಕ್ಲೈಂಟ್ ಲೈಬ್ರರಿಗಳಲ್ಲಿ (ಅಪ್ಲಿಕೇಶನ್‌ನಿಂದ ಸರ್ಚ್ ಸರ್ವರ್‌ಗೆ ಕನೆಕ್ಟ್ ಮಾಡುವ ಕೋಡ್) ಒಂದು ಚೆಕ್ ಸೇರಿಸಿ, ಆಚೆ ಕಡೆ ಇರುವುದು ಓಪನ್‌ಸರ್ಚ್ ಆದರೆ ಕನೆಕ್ಟ್ ಆಗದ ಹಾಗೆ ಮಾಡಿದರು. ಅದು ಅಮೆಜಾನ್‌ಗೆ ಮಾತ್ರ ಬಿದ್ದ ಪೆಟ್ಟಲ್ಲ, ಸರ್ವರ್ ಬದಲಿಸಿಕೊಂಡ ಸಣ್ಣಪುಟ್ಟ ಟೀಮ್‌ಗಳಿಗೂ ಬಿತ್ತು.

ಹಳೇಕಮಿಟ್:
ಕೋಡ್ ಕೊಟ್ಟ ಪ್ರತಿಯೊಬ್ಬರಿಂದಲೂ ಕಂಪನಿ ಸಿಎಲ್‌ಎ, ಅಂದರೆ ಕೊಟ್ಟ ಕೋಡ್ ಮೇಲೆ ಕಂಪನಿಗೆ ಹಕ್ಕು ಕೊಡುವ ಒಪ್ಪಂದಕ್ಕೆ, ಸಹಿ ಮಾಡಿಸಿಕೊಂಡಿತ್ತು. ಅದರ ಬಲದಿಂದ ಬೇರೆ ಲೈಸೆನ್ಸ್‌ನಲ್ಲಿ ಹೊರತರುವ ಹಕ್ಕು ಅವರಿಗಿತ್ತು. ಹಾಗಾಗಿ ಕಾನೂನಿನ ಲೆಕ್ಕದಲ್ಲಿ ಅವರು ತಪ್ಪು ಮಾಡಿಲ್ಲ. ನನಗೆ ಬೇಜಾರು ಇಲ್ಲೇ. ಕಾಗದದಲ್ಲಿ ಬದಲಿಸುವ ಹಕ್ಕು ಇಟ್ಟುಕೊಂಡು ಬಾಯಲ್ಲಿ ಬದಲಿಸಲ್ಲ ಅಂದರು, ನಾವು ಬಾಯಿಮಾತು ಕೇಳಿದೆವು, ಕಾಗದ ಓದಲಿಲ್ಲ. ತುಂಗಾತೀರ, ನೀವು ಈಗ ನೋಡಬೇಕಾದದ್ದು ಕಾಗದವನ್ನೇ. 2024ರ ಆಗಸ್ಟ್‌ನಲ್ಲಿ ಎಲಾಸ್ಟಿಕ್ ಎಜಿಪಿಎಲ್ ಅನ್ನುವ ಲೈಸೆನ್ಸನ್ನೂ ಒಂದು ಆಯ್ಕೆಯಾಗಿ ಸೇರಿಸಿ, ಮತ್ತೆ ಓಪನ್ ಸೋರ್ಸ್ ಆದೆವು ಅಂದಿತು. ಅದು ಓಪನ್ ಸೋರ್ಸ್ ಇನಿಶಿಯೇಟಿವ್ ಒಪ್ಪಿದ ಲೈಸೆನ್ಸೇ, ಅದರಲ್ಲಿ ಅನುಮಾನ ಇಲ್ಲ. ಓಪನ್‌ಸರ್ಚ್ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಲಾಭಕ್ಕಲ್ಲದ ಸಂಸ್ಥೆಯಾದ ಲಿನಕ್ಸ್ ಫೌಂಡೇಶನ್ ಅಡಿಗೆ ಬಂತು. ಅಲ್ಲಿ ಸಿಎಲ್‌ಎ ಇಲ್ಲ, ಕೋಡ್ ಸೇರಿಸುವಾಗ (ಕಮಿಟ್) ಇದನ್ನು ಕೊಡುವ ಹಕ್ಕು ನನಗಿದೆ ಅನ್ನುವ ಸೈನ್-ಆಫ್ ಸಾಲು ಹಾಕಿದರೆ ಸಾಕು. ಒಬ್ಬರೇ ಕೂತು ಲೈಸೆನ್ಸ್ ಬದಲಿಸುವುದು ಅಲ್ಲಿ ಅಷ್ಟು ಸುಲಭ ಅಲ್ಲ.

ತುಂಗಾತೀರ:
ಎಲ್ಲರಿಗೂ ಥ್ಯಾಂಕ್ಸ್. ಸಿಎಲ್‌ಎ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ನಮ್ಮದು ಇನ್ನೂ ಹಳೆಯ ಅಪಾಚೆ ಲೈಸೆನ್ಸ್‌ನ 7.10 ವರ್ಶನ್‌ನಲ್ಲೇ ಇದೆ, ಓಪನ್‌ಸರ್ಚ್ ಕವಲೊಡೆದದ್ದೂ ಅಲ್ಲಿಂದಲೇ, ಆದ್ದರಿಂದ ಎರಡು ದಾರಿಯೂ ತೆರೆದಿದೆ. ಸೋಮವಾರ ಮೀಟಿಂಗ್‌ನಲ್ಲಿ 2018ರ ಮಾತು ಮತ್ತು 2021ರ ಪ್ರಕಟಣೆ ಎರಡನ್ನೂ ಪಕ್ಕಪಕ್ಕ ಇಟ್ಟು ಮ್ಯಾನೇಜರ್‌ಗೆ ತೋರಿಸುತ್ತೇನೆ. ಹಳೇಕಮಿಟ್ ಅವರೇ, ನಾವು ಬಳಸುವ ಬೇರೆ ಲೈಬ್ರರಿಗಳಲ್ಲಿ ಯಾವುದಕ್ಕೆ ಸಿಎಲ್‌ಎ ಇದೆ ಅಂತ ಒಟ್ಟಿಗೆ ನೋಡುವ ದಾರಿ ಏನಾದರೂ ಇದೆಯಾ, ಅಥವಾ ಒಂದೊಂದನ್ನೇ ತೆಗೆದು ಓದಬೇಕಾ?