ಮನೆತನದ ವಾರಪತ್ರಿಕೆ ಇತಿಹಾಸ ಬರೀಬೇಕು, ಎಲ್ಲಿಂದ ಶುರು ಮಾಡ್ಲಿ?

ಗಂಗಾವತಿ ಹುಡುಗಿ:
ಎಲ್ಲರಿಗೂ ನಮಸ್ಕಾರ ರೀ. ತುಂಗಭದ್ರಾ ಎಡದಂಡೆ ನಾಲೆ ನೀರು ಬಂದು ನಮ್ಮೂರಾಗ ಒಂದೊಂದಾ ರೈಸ್ ಮಿಲ್ ಏಳ್ತಿದ್ದ ಕಾಲದಾಗ ನಮ್ಮಜ್ಜ ಕಾಲಿಲೆ ತುಳಿದು ಅಚ್ಚು ಹಾಕೋ ಒಂದು ಟ್ರೆಡಲ್ ಮಷಿನ್ ತಂದು ಪ್ರೆಸ್ ಹಾಕಿದ್ರು. ಹಗಲೆಲ್ಲಾ ಮದುವಿ ಕಾರ್ಡು, ಬಿಲ್ ಬುಕ್ಕು, ಹ್ಯಾಂಡ್‌ಬಿಲ್ಲು, ವಾರದಾಗ ಎರಡು ರಾತ್ರಿ ನಮ್ಮ ವಾರಪತ್ರಿಕೆ ಕೆಲಸ. ನಾಕು ಪುಟದ್ದು. ಅಜ್ಜನ ನಂತರ ದೊಡ್ಡಪ್ಪ ಸಂಪಾದಕರಾದ್ರು, ನಮ್ಮಪ್ಪ ಪ್ರೆಸ್ ನೋಡ್ಕೊಂಡ್ರು, ಅವ್ವ ದೊಡ್ಡವ್ವ ಇಬ್ರೂ ಕುಂತು ಮಡಚಿ ಅಡ್ರೆಸ್ ಚೀಟಿ ಅಂಟಿಸಿ ಪೋಸ್ಟಿಗೆ ಕಳಿಸೋರು. ಈಗ ಪತ್ರಿಕೆ ನಿಂತೈತಿ, ಪ್ರೆಸ್ ಇದ್ದ ಜಾಗ ಮೊಬೈಲ್ ಅಂಗಡಿಗೆ ಬಾಡಿಗಿ ಕೊಟ್ಟೀವಿ, ಬೈಂಡ್ ಮಾಡ್ಸಿದ ಹಳೇ ಫೈಲು ಅಟ್ಟದ ಮ್ಯಾಲೆ ಅದಾವು, ನಡುವಿನ ಕೆಲವು ವರ್ಷದ್ದು ಸಿಗವಲ್ವು. ಇದರ ಇತಿಹಾಸ ಬರೀಬೇಕಂತ ಭಾಳ ಆಸೆ ಐತಿ, ಆದ್ರ ಮನ್ಯಾಗ ಕೇಳಿದ್ರ ಒಬ್ಬೊಬ್ರು ಒಂದೊಂದು ಇಸವಿ ಹೇಳ್ತಾರ, ಯಾರು ಯಾವಾಗ ಮಾಲೀಕರಾದ್ರು ಅನ್ನೋದ್ರಾಗಂತೂ ದೊಡ್ಡಪ್ಪನ ಮಕ್ಕಳ ಮಾತು ಬ್ಯಾರೆ ನಮ್ಮಪ್ಪನ ಮಾತು ಬ್ಯಾರೆ. ಯಾವುದನ್ನ ನಂಬಿ ಬರೀಲಿ?

ರಾಯಚೂರು ಮಾಸ್ತರ್:
ತಂಗಿ, ಮನ್ಯಾಗಿನ ಮಾತು ಆಮ್ಯಾಲೆ ಕೇಳುವಂತಿ, ಮೊದಲು ಪತ್ರಿಕೆನ ಕೇಳು. ಪ್ರತಿ ಸಂಚಿಕೆ ಕಡೇ ಪುಟದ ಅಡಿಗೆ ಸಣ್ಣಕ್ಷರದಾಗ ಮುದ್ರಕರು, ಪ್ರಕಾಶಕರು, ಸಂಪಾದಕರು ಅಂತ ಒಂದು ಸಾಲು ಇರ್ತೈತಲ್ಲ, ಅದು 1867ರ ಪ್ರೆಸ್ ಕಾಯ್ದೆ ಪ್ರಕಾರ ಹಾಕಲೇಬೇಕಿತ್ತು. ಆ ಸಾಲು ಯಾವ ವಾರದಾಗ ಬದಲಾತು ನೋಡ್ಕೊಂತ ಹೋಗು, ಕೈ ಬದಲಾದ ವ್ಯಾಳ್ಯಾ ಸಿಗ್ತೈತಿ. ಮಾಲೀಕರ ವಿಚಾರಕ್ಕ ಇನ್ನೂ ಒಳ್ಳೇದು ಐತಿ, ನಮೂನೆ 4 ಅಂತ. 1956ರ ನಿಯಮದ ಪ್ರಕಾರ ಪ್ರತಿ ವರ್ಷ ಫೆಬ್ರವರಿ ಮುಗಿದ ಮ್ಯಾಲಿನ ಮೊದಲ ಸಂಚಿಕ್ಯಾಗ ಮಾಲೀಕರು ಯಾರು, ಬಂಡವಾಳದಾಗ ನೂರಕ್ಕ ಒಂದಕ್ಕಿಂತ ಹೆಚ್ಚು ಪಾಲು ಯಾರ್ದು ಅಂತ ಪ್ರಕಟ ಮಾಡಬೇಕಿತ್ತು. ಹಂಗಾಗಿ ಬರೀ ಮಾರ್ಚ್ ಮೊದಲ ವಾರದ ಸಂಚಿಕೆ ತಕ್ಕೊಂಡು ಸಾಲಾಗಿ ಇಟ್ರ ನಿಮ್ಮ ಮನಿ ಜಗಳದ ಅರ್ಧ ಅಲ್ಲೇ ಮುಗೀತೈತಿ.

ಇನ್ನೊಂದು, ಪತ್ರಿಕೆ ಶುರು ಮಾಡೋರು ಡಿಸಿ ಇಲ್ಲಾ ಎಸಿ (ಉಪವಿಭಾಗಾಧಿಕಾರಿ) ಮುಂದ ಡಿಕ್ಲರೇಶನ್ ಅಂದ್ರ ಘೋಷಣಾ ಪತ್ರ ಕೊಡಬೇಕಿತ್ತು. ಕೊಪ್ಪಳ ಜಿಲ್ಲಾ ಆಗಿದ್ದು 1997ರಾಗ, ಅದಕ್ಕ ಮುಂಚಿನ ಕಾಗದ ಹುಡುಕೋದಾದ್ರ ನಮ್ಮ ರಾಯಚೂರಾಗನೂ ಕೇಳ್ಬೇಕಾಗ್ತೈತಿ, ಬರೀ ಕೊಪ್ಪಳಕ್ಕ ಅಡ್ಡಾಡಬ್ಯಾಡ.

ಬಳ್ಳಾರಿ ಓದುಗ:
ಮಾಸ್ತರು ಹೇಳಿದ್ದು ಖರೆ. ನಾನು ಹೇಳೋದು ಜಾಹೀರಾತು ನೋಡ್ರಿ ಅಂತ. ಸಂಪಾದಕೀಯ ಎಲ್ಲರೂ ಓದ್ತಾರೆ, ಆದ್ರೆ ವಾರಪತ್ರಿಕೆ ಹೆಂಗೆ ಬದುಕ್ತು ಅನ್ನೋದು ಇರೋದು ಕೋರ್ಟ್ ನೋಟೀಸು, ಟೆಂಡರು, ಯುಗಾದಿ ದೀಪಾವಳಿ ಶುಭಾಶಯ, ಗೊಬ್ಬರದಂಗಡಿ, ಟಾಕೀಸಿನ ಹೊಸ ಸಿನಿಮಾ ಇವುಗಳಲ್ಲೇ. ಶುಭಾಶಯ ಕೊಡೋ ಸಾವ್ಕಾರ್ರು ಒಂದು ವರ್ಷ ಇದ್ದು ಮುಂದಿನ ವರ್ಷ ಕಾಣ್ಲಿಲ್ಲ ಅಂದ್ರೆ ನಡುವೆ ಏನೋ ಸುದ್ದಿ ಬಂದಿರ್ತೈತೆ, ಹುಡುಕಿ. 1975 ಜೂನ್‌ನಿಂದ 1977 ಮಾರ್ಚ್ ತನಕದ ಫೈಲ್ ಇದ್ರೆ ಒಂದೊಂದು ಪುಟಾನೂ ನಿಧಾನ ನೋಡ್ರಿ, ಎಮರ್ಜೆನ್ಸಿ ಸೆನ್ಸಾರ್ ಕಾಲ ಅದು, ಏನು ಬರೆದ್ರು ಅನ್ನೋದಕ್ಕಿಂತ ಏನು ಬಿಟ್ರು ಅನ್ನೋದು ಮುಖ್ಯ.

ನಮ್ಮ ಕಡೆ ಪತ್ರಿಕೆ ಅಂದ್ರೆ ಮೊನ್ನೆ ಮೊನ್ನೆದು ಅಂದ್ಕೊಂಡೋರು ಭಾಳ ಜನ ಅದಾರೆ, ಅದಕ್ಕೇ ಹೇಳ್ತೀನಿ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843 ಜುಲೈ 1ಕ್ಕೆ ಜರ್ಮನ್ ಪಾದ್ರಿ ಮೋಗ್ಲಿಂಗ್ ಶುರು ಮಾಡಿದ್ದು, ಕಲ್ಲಚ್ಚಲ್ಲಿ, ಅಂದ್ರೆ ಕಲ್ಲಿನ ಮೇಲೆ ಬರೆದು ಅಚ್ಚು ಒತ್ತೋ ರೀತೀಲಿ ಬರ್ತಿತ್ತು. ಮುಂದಿನ ವರ್ಷನೇ ಅದು ನಮ್ಮ ಬಳ್ಳಾರಿಗೆ ಬಂದು ಕನ್ನಡ ಸಮಾಚಾರ ಅಂತ ಹೆಸರು ಬದಲಾಗಿ ಹೊರಡ್ತು. ನಿಮ್ಮ ಪುಸ್ತಕದಲ್ಲಿ ಇದು ಒಂದು ಸಾಲಾದ್ರೂ ಬರ್ಲಿ.

ಮೊಳೆ ಜೋಡಿಸಿದವ, ಕೊಪ್ಪಳ:
ಅಕ್ಕಾರ, ನಾ ಕಂಪೋಸಿಟರ್ ಇದ್ದಾವ, ಅಂದ್ರ ಪ್ರೆಸ್ಸಿನಾಗ ಸೀಸದ ಅಕ್ಷರದ ಮೊಳೆ ಜೋಡಿಸಾವ. ಸಂಪಾದಕರ ಹೆಸರು ಅಚ್ಚಾಗೈತಿ, ನಮ್ಮ ಹೆಸರು ಎಲ್ಲೂ ಇಲ್ಲ, ಅದಕ್ಕ ಬರೀತೀನಿ. ಕನ್ನಡ ಮೊಳೆ ಜೋಡಿಸೋದು ಅಂದ್ರ ಇಂಗ್ಲಿಷಿನಂಗ ಅಲ್ಲ ರೀ, ಮೊಳೆ ಇಡೋ ಕೇಸು ಅನ್ನೋ ಪೆಟ್ಟಿಗ್ಯಾಗ ಕಾಗುಣಿತಕ್ಕ ಒಂದೊಂದು ಮನಿ, ಒತ್ತಕ್ಷರಕ್ಕ ಬ್ಯಾರೆ ಮನಿ, ಕೇಸಿನ ತುಂಬ ಮನಿ. ಎಡಗೈಯಾಗ ಸಾಲು ಕೂಡಿಸೋ ಸ್ಟಿಕ್ ಹಿಡಕೊಂಡು ಅಕ್ಷರ ಉಲ್ಟಾ ಓದ್ಕೊಂತ ಕೂಡಿಸಬೇಕು. ಸಣ್ಣ ಪ್ರೆಸ್ಸಿನಾಗ ಮೊಳೆ ಸಾಲ್ತಿದ್ದಿಲ್ಲ, ಎರಡು ಪುಟ ಹೊಡೆದು, ಸೀಮೆಎಣ್ಣಿಲೆ ತೊಳೆದು, ಬಿಚ್ಚಿ ಮತ್ತ ಕೇಸಿಗೆ ಹಾಕಿದ ಮ್ಯಾಲೇನ ಉಳಿದ ಎರಡು ಪುಟ ಜೋಡಿಸೋದು. "ಕ್ಷ" ಮುಗಿದ್ರ ಸಂಪಾದಕರ ಹಂತ್ಯಾಕ ಹೋಗಿ "ಸರ, ಅಧ್ಯಕ್ಷ ಬ್ಯಾಡ, ಪ್ರೆಸಿಡೆಂಟ್ ಅಂತ ಮಾಡ್ಲೇನು" ಅಂತ ಕೇಳಿದ್ದೂ ಐತಿ. ನಿಮ್ಮ ಪ್ರೆಸ್ಸಿನಾಗ ದುಡಿದೋರು ಯಾರಾರ ಇದ್ರ ಈಗ ಹೋಗಿ ಮಾತಾಡ್ಸಿ ಫೋನಿನಾಗ ರೆಕಾರ್ಡ್ ಮಾಡ್ಕೋರಿ, ಎಲ್ಲರಿಗೂ ವಯಸ್ಸಾಗೈತಿ. ನಿಮ್ಮವ್ವಾರ್ನೂ ಕೂಡ್ರಿಸಿ ಕೇಳ್ರಿ, ಅಡ್ರೆಸ್ ಚೀಟಿ ಅಂಟಿಸಿದೋರಿಗೆ ಯಾವ ಊರಿಗೆ ಎಷ್ಟು ಪೇಪರ್ ಹೋಗ್ತಿತ್ತು ಅನ್ನೋದು ಬಾಯಿಪಾಠ ಇರ್ತೈತಿ.

ಸಿಂಧನೂರು ಲೈಬ್ರರಿ:
ಕಳಕೊಂಡ ವರ್ಷಗಳ ಬಗ್ಗೆ. 1954ರ ಗ್ರಂಥ ಸಲ್ಲಿಕೆ ಕಾಯ್ದೆಗೆ 1956ರಲ್ಲಿ ಪತ್ರಿಕೆಗಳನ್ನೂ ಸೇರಿಸಿದ್ರು, ಆ ಪ್ರಕಾರ ಪ್ರತಿ ಸಂಚಿಕೆದು ಒಂದೊಂದು ಪ್ರತಿ ಕೋಲ್ಕತ್ತಾ ರಾಷ್ಟ್ರೀಯ ಗ್ರಂಥಾಲಯಕ್ಕೆ, ಚೆನ್ನೈ ಕನ್ನೆಮರ ಲೈಬ್ರರಿಗೆಲ್ಲ ಹೋಗಬೇಕಿತ್ತು. ಸಣ್ಣ ಪತ್ರಿಕೆಯೋರು ಎಲ್ಲರೂ ತಪ್ಪದೆ ಕಳಿಸ್ತಿದ್ರು ಅಂತಲ್ಲ, ಆದ್ರ ಒಂದು ಪತ್ರ ಬರೆದು ಕೇಳೋದ್ರಾಗ ಏನೂ ಹೋಗಲ್ಲ. ಅಟ್ಟದ ಮೇಲಿನ ಫೈಲನ್ನ ದಯವಿಟ್ಟು ಮೊದಲು ಕೆಳಗಿಳಿಸಿ, ತಗಡಿನ ಬಿಸಿಗೆ ನ್ಯೂಸ್‌ಪ್ರಿಂಟ್ ಹಪ್ಪಳ ಆಗಿರ್ತದ, ಮುಟ್ಟಿದ್ರ ಮುರೀತದ. ಸೆಲ್ಲೋಟೇಪ್ ಹಚ್ಚಬ್ಯಾಡ್ರಿ, ಲ್ಯಾಮಿನೇಶನ್ ಅಂತೂ ಬ್ಯಾಡೇ ಬ್ಯಾಡ. ಸ್ಕ್ಯಾನರ್ ಮ್ಯಾಲೆ ಒತ್ತೋದ್ಕಿಂತ ಕಿಡಕಿ ಬೆಳಕಿನಾಗ ಇಟ್ಟು ಮೇಲಿಂದ ಫೋಟೋ ಹೊಡೀರಿ, ಫ್ಲ್ಯಾಶ್ ಬ್ಯಾಡ.

ಗಂಗಾವತಿ ಹುಡುಗಿ:
ಎಲ್ಲರಿಗೂ ಭಾಳ ಥ್ಯಾಂಕ್ಸ್ ರೀ. ಫೈಲು ಕೆಳಗಿಳಿಸಿ ಮಾಸ್ತರು ಹೇಳಿದಂಗ ಮಾರ್ಚ್ ಸಂಚಿಕೆ ಅಷ್ಟ ತೆಗೆದೆ. ಮೊದಲ ಕೆಲವು ವರ್ಷ ಮಾಲೀಕರ ಜಾಗದಾಗ ಅಜ್ಜನ ಹೆಸರಾ ಇಲ್ಲ, ಒಬ್ರು ಅಕ್ಕಿ ಗಿರಣಿ ಸಾವ್ಕಾರ್ರ ಹೆಸರೈತಿ, ಅಜ್ಜ ಬರೀ ಸಂಪಾದಕ. ಮನ್ಯಾಗ ಇದು ಅಪ್ಪಗೂ ಗೊತ್ತಿಲ್ಲ, ದೊಡ್ಡಪ್ಪನ ಮಕ್ಕಳಿಗೂ ಗೊತ್ತಿಲ್ಲ. ಇದನ್ನ ಬರೀಬೇಕೋ ಬ್ಯಾಡೋ?

ಬಳ್ಳಾರಿ ಓದುಗ:
ಬರೀಲೇಬೇಕು. ಆ ವರ್ಷಗಳಲ್ಲಿ ಗಿರಣಿ ಹಮಾಲರ ಕೂಲಿ ಸುದ್ದಿ, ಗಿರಣಿಯೋರು ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಿದ್ದ ಲೆವಿ ಅಕ್ಕಿ ಸುದ್ದಿ ಎಷ್ಟು ಬಂದಾವೆ, ಮಾಲೀಕತ್ವ ಅಜ್ಜನ ಕೈಗೆ ಬಂದ ಮೇಲೆ ಎಷ್ಟು ಬಂದಾವೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ರಿ. ಅಜ್ಜನ ದೊಡ್ಡತನ ಅದರಲ್ಲಿ ಕಂಡ್ರೂ ಕಾಣಬಹುದು, ಕಾಣದಿದ್ರೂ ಅದು ನಿಮ್ಮ ಪತ್ರಿಕೆ ಇತಿಹಾಸನೇ.

ರಾಯಚೂರು ಮಾಸ್ತರ್:
ಹೌದು ತಂಗಿ, ಬರಿ. ಮಾಲೀಕರು ಬದಲಾದ್ರ ಹೊಸ ಡಿಕ್ಲರೇಶನ್ ಆಗಿರಲೇಬೇಕು. ಆ ಕಾಗದ ಕೊಡ್ರಿ ಅಂತ ಡಿಸಿ ಆಫೀಸಿಗೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕು, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಜೋಡಿ, 30 ದಿನದಾಗ ಉತ್ತರ ಕೊಡಬೇಕು ಅವರು. ಪತ್ರಿಕೆ ಹೆಸರು, ಪ್ರೆಸ್ ವಿಳಾಸ, ಅಂದಾಜು ಇಸವಿ ಮೂರೂ ಸರಿಯಾಗಿ ಬರಿ, ಇಲ್ಲಂದ್ರ ಕಡತ ಸಿಗಲಿಲ್ಲ ಅಂತ ವಾಪಸ್ ಕಳಿಸಿಬಿಡ್ತಾರ.